ಎಕ್ಸ್‌ಟ್ರೀಮ್ ಮೆಟಲ್ ಎಲ್ಲಾ ಒಂದೇ ಥರ ಕೇಳಿಸುತ್ತಾ? ಸ್ನೇರ್ ಎಣಿಸಿ ನೋಡಿ

"ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್, ಗ್ರೈಂಡ್‌ಕೋರ್ ಅಂತ ಇಷ್ಟೊಂದು ಹೆಸರು ಹೇಳ್ತೀರಲ್ಲ, ನಮಗೆ ಎಲ್ಲವೂ ಒಂದೇ ಗಲಾಟೆ. ಹೇಗೆ ಗುರುತಿಸೋದು?" ರಾಕ್ ಸಂಗೀತದ ಭಾರವಾದ, ಅಬ್ಬರದ ಕವಲಾದ ಮೆಟಲ್ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೆಚ್ಚಿನವರು ಮೊದಲು ಕೇಳುವುದು ಕಂಠವನ್ನು, ಆಮೇಲೆ ಗಿಟಾರ್ ಅನ್ನು. ಅಲ್ಲೇ ದಾರಿ ತಪ್ಪುವುದು. ಗೊಗ್ಗರು ಗಂಟಲು ಎಲ್ಲ ಪ್ರಕಾರಗಳಲ್ಲೂ ಇದೆ. ಕರ್ಕಶವಾದ ಗಿಟಾರೂ ಎಲ್ಲೆಡೆ ಇದೆ. ಒಂದನ್ನೊಂದು ಬೇರೆ ಮಾಡುವುದು ಲಯ. ಅದರಲ್ಲೂ ಒಂದೇ ಒಂದು ವಾದ್ಯ: ಸ್ನೇರ್ ಎಂಬ ಚಿಕ್ಕ ಡ್ರಮ್.

ಏನೇನು ಬೇಕು

ಒಂದು ಹೆಡ್‌ಫೋನ್ ಬೇಕು. ಫೋನಿನ ಸ್ಪೀಕರ್‌ನಲ್ಲಿ ಕಿಕ್ ಡ್ರಮ್‌ನ ತಳದ ಗುಮ್ಮು ಕೇಳುವುದೇ ಇಲ್ಲ, ಹಾಗಾಗಿ ಅರ್ಧ ಲಯ ಅಲ್ಲೇ ಕಳೆದುಹೋಗುತ್ತದೆ. ಉಚಿತವಾಗಿ ಸಿಗುವ ಯಾವುದಾದರೂ ಮೆಟ್ರೋನೋಮ್ ಆ್ಯಪ್ ಹಾಕಿಕೊಳ್ಳಿ. ಪರದೆಯ ಮೇಲೆ ಬೆರಳಿನಿಂದ ತಟ್ಟಿದರೆ ವೇಗ ತೋರಿಸುವಂಥದ್ದಾದರೆ ಒಳ್ಳೆಯದು. ಒಂದು ಪುಸ್ತಕ, ಒಂದು ಪೆನ್ನು ಇರಲಿ. ಮತ್ತೆ ನಿಮ್ಮ ಕೈ. ತಾಳ ಹಾಕಲು ಅದು ಬೇಕೇ ಬೇಕು.

ಮೂರು ಪದಗಳನ್ನು ಈಗಲೇ ತಿಳಿದುಕೊಳ್ಳಿ. ಕಿಕ್ ಅಂದರೆ ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್. ಇದನ್ನು 'ಡುಂ' ಅಂತ ಬರೆಯುತ್ತೇನೆ. ಸ್ನೇರ್ ಅಂದರೆ ಡ್ರಮ್ಮರ್‌ನ ಎರಡು ಮೊಣಕಾಲುಗಳ ನಡುವೆ ಇರುವ ಚಿಕ್ಕ ಡ್ರಮ್, ಕೆಳಗಡೆ ತಂತಿ ಕಟ್ಟಿರುವುದರಿಂದ ಚಟ್ ಅಂತ ಸಿಡಿಯುತ್ತದೆ. ಇದು 'ಟ'. ರಿಫ್ ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಏನೂ ಬೀಳದ ಜಾಗಕ್ಕೆ ಗೆರೆ ಹಾಕುತ್ತೇನೆ.

ವಾಲ್ಯೂಮ್ ಬಗ್ಗೆ ಒಂದು ಮಾತು. ವಾರಕ್ಕೆ 40 ಗಂಟೆ ಕೇಳುವುದಾದರೆ ಶಬ್ದ 80 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಸಂಗೀತವನ್ನು ಜೋರಾಗಿಯೇ ಕೇಳಬೇಕು ಅನ್ನಿಸುವುದು ಸಹಜ. ಆದರೆ ಲಯ ಎಣಿಸಲು ಜೋರು ಬೇಕಿಲ್ಲ. ತಗ್ಗಿಸಿದಾಗಲೇ ಸ್ನೇರ್ ಬೇರೆಯಾಗಿ ಕೇಳುತ್ತದೆ.

ಹಂತ 1: ಮೊದಲು ಕೈಯಲ್ಲಿ ನಡೆ ಹಿಡಿಯಿರಿ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಸಂಗೀತ ಪಾಠಕ್ಕೆ ಹೋದವರಿಗೆ ಸರಳೆ ವರಸೆ ನೆನಪಿರಬೇಕು. ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ. ಕೈಯ ತಾಳ ಬದಲಾಗುವುದಿಲ್ಲ. ಅದೇ ಬಡಿತದೊಳಗೆ ಸ್ವರಗಳು ಎರಡು ಪಟ್ಟಾಗುತ್ತವೆ, ಆಮೇಲೆ ನಾಲ್ಕು ಪಟ್ಟು. ಎಕ್ಸ್‌ಟ್ರೀಮ್ ಮೆಟಲ್‌ನ ವೇಗ ಬಹುಪಾಲು ಹೀಗೆಯೇ ಕೆಲಸ ಮಾಡುತ್ತದೆ. ಕೆಳಗೆ ಒಂದು ಸಮಾಧಾನದ ನಡೆ ಇರುತ್ತದೆ. ಮೇಲೆ ಸ್ನೇರ್ ಅದನ್ನು ಇಮ್ಮಡಿಸುತ್ತಾ ಹೋಗುತ್ತದೆ, ಇಲ್ಲವೇ ಅರ್ಧಕ್ಕೆ ಇಳಿಸುತ್ತದೆ.

ಹಾಡು ಹಾಕಿ. ತಲೆ ತಾನಾಗಿ ಯಾವ ವೇಗದಲ್ಲಿ ಆಡಲು ನೋಡುತ್ತದೋ ಆ ವೇಗಕ್ಕೆ ತೊಡೆಯ ಮೇಲೆ ತಟ್ಟಿ. ನಾಲ್ಕು ತಟ್ಟಿದರೆ ಒಂದು ಸುತ್ತು. ಈಗ ಒಂದು ಸುತ್ತಿನಲ್ಲಿ ಸ್ನೇರ್ ಎಷ್ಟು ಸಲ ಬೀಳುತ್ತದೆ ಅಂತ ಎಣಿಸಿ. ಅಷ್ಟೇ. ಉತ್ತರ ಸಾಮಾನ್ಯವಾಗಿ 1, 2, 4 ಅಥವಾ 8.

ಒಂದು ಸುತ್ತನ್ನು ಎಂಟು ಮನೆಗಳಾಗಿ ಬರೆದರೆ ಹೀಗೆ ಕಾಣುತ್ತದೆ.

ಸ್ನೇರ್ ಒಂದು ಸಲ: ಡುಂ – – – ಟ – – –
ಎರಡು ಸಲ: ಡುಂ – ಟ – ಡುಂ – ಟ –
ನಾಲ್ಕು ಸಲ: ಡುಂ ಟ ಡುಂ ಟ ಡುಂ ಟ ಡುಂ ಟ

ಎಂಟು ಸಲ ಬಿದ್ದರೆ ಪ್ರತಿ ಮನೆಯಲ್ಲೂ ಒಂದು 'ಡುಂ', ಅದರ ಬೆನ್ನಿಗೇ ಒಂದು 'ಟ' ಇರುತ್ತದೆ. ಬರೆಯಲು ಹೋದರೆ ಜಾಗ ಸಾಲದು!

ಎರಡು ಸಲ ಬೀಳುವುದು ನಿಮಗೆ ಗೊತ್ತಿರುವ ಮಾಮೂಲಿ ರಾಕ್ ನಡೆ. ಸಿನಿಮಾ ಹಾಡುಗಳಲ್ಲೂ ಕೇಳಿರುತ್ತೀರಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವೇಗದ ಹಾಡು ಅಂದಕೂಡಲೇ ಸ್ನೇರ್ ಬಿದ್ದಲ್ಲೆಲ್ಲ ಕೈ ತಟ್ಟಲು ಹೋಗುತ್ತಾರೆ. ಹತ್ತು ಸೆಕೆಂಡಿಗೆ ಕೈ ಸೋಲುತ್ತದೆ, 'ಇದೆಲ್ಲ ನಮ್ಮ ಕೈಲಾಗಲ್ಲ' ಅಂತ ಬಿಟ್ಟುಬಿಡುತ್ತಾರೆ. ಯಕ್ಷಗಾನದಲ್ಲಿ ಚಂಡೆ ಎಷ್ಟೇ ಓಡಲಿ, ಭಾಗವತರ ಕೈಯ ಜಾಗಟೆ ತನ್ನ ಪಾಡಿಗೆ ತಾಳ ಹಿಡಿದಿರುತ್ತದೆ ಅಲ್ವಾ? ನೀವು ಹಿಡಿಯಬೇಕಾದ್ದು ಜಾಗಟೆಯನ್ನು, ಚಂಡೆಯನ್ನಲ್ಲ. ನಡೆ ಸಿಗದಿದ್ದರೆ ಗಿಟಾರ್‌ನ ಸ್ವರ ಎಲ್ಲಿ ಬದಲಾಗುತ್ತದೆ ಅಂತ ಗಮನಿಸಿ. ಅದು ಹೆಚ್ಚಾಗಿ ನಡೆಯ ಮೇಲೇ ಬದಲಾಗುತ್ತದೆ.

ಇನ್ನೊಂದು ವಿಷಯ. ಒಂದೇ ಹಾಡಿಗೆ ಒಂದು ಜಾಲತಾಣ 110 ಬಿಪಿಎಂ ಅನ್ನುತ್ತದೆ, ಮತ್ತೊಂದು 220 ಅನ್ನುತ್ತದೆ. ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಲೆಕ್ಕ. ಎರಡೂ ತಪ್ಪಲ್ಲ, ಎಣಿಸಲು ಹಿಡಿದ ಬಡಿತ ಬೇರೆ ಬೇರೆ. ಹಾಗಾಗಿ ಬಿಪಿಎಂ ನೋಡಿ ಪ್ರಕಾರ ಹೇಳಲು ಹೋಗಬೇಡಿ.

ಹಂತ 2: ಸ್ನೇರ್ ನಾಲ್ಕು ಸಲ ಬಿದ್ದರೆ ಥ್ರ್ಯಾಶ್

ಡುಂ ಟ ಡುಂ ಟ. ಕಿಕ್, ಸ್ನೇರ್, ಕಿಕ್, ಸ್ನೇರ್. ನಿಮ್ಮ ಕೈ ತೊಡೆಯ ಮೇಲೆ ಬಿದ್ದಾಗ ಕಿಕ್, ಮೇಲೆದ್ದಾಗ ಸ್ನೇರ್. ಇದು ಥ್ರ್ಯಾಶ್‌ನ ಉಸಿರು. ಕೇಳಿದರೆ ಓಡಬೇಕು ಅನ್ನಿಸುತ್ತದೆ. ಸ್ಲೇಯರ್ ತಂಡದ 1986ರ 'ರೇನ್ ಇನ್ ಬ್ಲಡ್' ಆಲ್ಬಮ್‌ನಿಂದ ಶುರು ಮಾಡಿ. ಹತ್ತು ಹಾಡು, ಎಲ್ಲಾ ಸೇರಿ ಸುಮಾರು 29 ನಿಮಿಷ. ಡ್ರಮ್ಮರ್ ಡೇವ್ ಲೊಂಬಾರ್ಡೊ ಈ ನಡೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಅಂದರೆ ಮೊದಲ ಸಲಕ್ಕೇ ಎಣಿಸಲು ಆಗುತ್ತದೆ.

ಇದರ ಅಣ್ಣನ ಹಾಗಿರುವ ಇನ್ನೊಂದು ನಡೆ ಡಿ-ಬೀಟ್. ಇಂಗ್ಲೆಂಡಿನ ಡಿಸ್ಚಾರ್ಜ್ ಎಂಬ ಪಂಕ್ (ಸರಳ, ಒರಟು, ವೇಗದ ರಾಕ್) ತಂಡದ ಹೆಸರಿನ ಮೊದಲ ಅಕ್ಷರವೇ ಆ 'ಡಿ'. ಮೆಟಲ್‌ಗೆ ಓಟದ ರುಚಿ ಹತ್ತಿಸಿದ್ದರಲ್ಲಿ ಈ ಪಂಕ್ ತಂಡಗಳ ಪಾಲು ದೊಡ್ಡದು. ಎಂಟು ಮನೆಗಳಲ್ಲಿ ಡಿ-ಬೀಟ್ ಹೀಗಿದೆ:

ಡುಂ – ಟ ಡುಂ – ಡುಂ ಟ –

ಸ್ನೇರ್ ಎರಡೇ ಸಲ. ಆದರೆ ಕಿಕ್ ಇರುವ ಜಾಗ ನೋಡಿ. ಐದನೇ ಮನೆ ಖಾಲಿ. ಮಾಮೂಲಿ ರಾಕ್‌ನಲ್ಲಿ ಕಿಕ್ ಕೂತುಕೊಳ್ಳುವ ಜಾಗವನ್ನೇ ಖಾಲಿ ಬಿಟ್ಟು, ಅದರ ಹಿಂದೆ ಒಂದು, ಮುಂದೆ ಒಂದು ಹಾಕಿದ್ದಾರೆ. ಹಾಗಾಗಿಯೇ ಅದು ಯಾವಾಗಲೂ ಮುಂದಕ್ಕೆ ಮುಗ್ಗರಿಸುತ್ತಿರುವ ಹಾಗೆ ಕೇಳುತ್ತದೆ. ಬಾಯಲ್ಲಿ ನಾಲ್ಕು ಸಲ ಹೇಳಿ ನೋಡಿ, ಆಮೇಲೆ ಎಲ್ಲಿ ಕೇಳಿದರೂ ಬಿಡದೆ ಗುರುತಿಸುತ್ತೀರಿ. ಸ್ವೀಡನ್‌ನ ಹಳೆಯ ಡೆತ್ ಮೆಟಲ್‌ನಲ್ಲಿ ಇದು ಬೇಕಾದಷ್ಟು ಸಿಗುತ್ತದೆ.

ಹಂತ 3: ಎಂಟಕ್ಕೆ ಹೋದರೆ ಬ್ಲಾಸ್ಟ್ ಬೀಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ.

ಬ್ಲಾಸ್ಟ್ ಬೀಟ್ ಅಂದರೆ ಸ್ನೇರ್, ಕಿಕ್, ಸಿಂಬಲ್ (ಕೋಲಿನಿಂದ ಹೊಡೆಯುವ ಲೋಹದ ತಟ್ಟೆ) ಮೂರೂ ಬಿಡುವಿಲ್ಲದೆ ಓಡುವ ನಡೆ. ನಿಮ್ಮ ಕೈ ನಿಮಿಷಕ್ಕೆ 200 ಸಲ ಬಿದ್ದರೆ ಸ್ನೇರ್ 400 ಸಲ ಬೀಳುತ್ತದೆ. ಸೆಕೆಂಡಿಗೆ ಸುಮಾರು ಏಳು ಏಟು! ಅದನ್ನು ಬಿಡಿ ಬಿಡಿಯಾಗಿ ಎಣಿಸಲು ಆಗುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಒಂದು ಬಡಿತಕ್ಕೆ ಎರಡು ಅಂತ ಗೊತ್ತಾದರೆ ಸಾಕು. ಯೂಟ್ಯೂಬ್‌ನಲ್ಲಿ ವೇಗವನ್ನು 0.5ಕ್ಕೆ ಇಳಿಸಿ ಕೇಳಿ. ಬ್ಲಾಸ್ಟ್ ಆಗ ಥ್ರ್ಯಾಶ್ ನಡೆಯಂತೆಯೇ ಕೇಳುತ್ತದೆ.

ಈ ಹೆಸರನ್ನು ಚಾಲ್ತಿಗೆ ತಂದವರು ನೇಪಾಮ್ ಡೆತ್ ತಂಡದ ಡ್ರಮ್ಮರ್ ಮಿಕ್ ಹ್ಯಾರಿಸ್ ಅನ್ನುತ್ತಾರೆ. ನಡೆ ಮಾತ್ರ ಅದಕ್ಕಿಂತ ಹಳೆಯದು, ಅಮೆರಿಕದ ಸೀಜ್‌ನಂಥ ಹಾರ್ಡ್‌ಕೋರ್ (ಇನ್ನೂ ವೇಗದ ಪಂಕ್) ತಂಡಗಳಲ್ಲಿ ಆಗಲೇ ಇತ್ತು. ನೇಪಾಮ್ ಡೆತ್ 1987ರ 'ಸ್ಕಮ್' ಆಲ್ಬಮ್‌ನಲ್ಲಿ ಅದನ್ನೇ ಸಂಗೀತದ ಬೆನ್ನೆಲುಬು ಮಾಡಿತು. ಒಂದೇ ಎಲ್‌ಪಿಯಲ್ಲಿ 28 ಹಾಡು. ಅದರಲ್ಲೊಂದು, 'ಯು ಸಫರ್', ಒಂದೂಕಾಲು ಸೆಕೆಂಡು ದಾಟುತ್ತಲೇ ಮುಗಿಯುತ್ತದೆ. ಅತಿ ಚಿಕ್ಕ ಹಾಡು ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಹೀಗೆ ಹುಟ್ಟಿದ್ದೇ ಗ್ರೈಂಡ್‌ಕೋರ್. ಚಿಕ್ಕ ಚಿಕ್ಕ ಹಾಡು, ಬ್ಲಾಸ್ಟ್ ಧುತ್ತೆಂದು ಬಂದು ಧುತ್ತೆಂದು ನಿಲ್ಲುತ್ತದೆ, ಮಧ್ಯೆ ಪಂಕ್ ನಡೆ ನುಸುಳುತ್ತದೆ. ಗುರುತಿಸಲು ಇಷ್ಟು ಸಾಕು.

ಬ್ಲಾಸ್ಟ್‌ನಲ್ಲೂ ಬಗೆಗಳಿವೆ. ಕಿಕ್ ಮತ್ತು ಸ್ನೇರ್ ಒಂದಾದ ಮೇಲೆ ಒಂದು ಬಿದ್ದರೆ ಅದು ಹಳೆಯ, ಸಾಂಪ್ರದಾಯಿಕ ಬ್ಲಾಸ್ಟ್. ಎರಡೂ ಒಟ್ಟಿಗೆ ಬಿದ್ದರೆ ಹ್ಯಾಮರ್ ಬ್ಲಾಸ್ಟ್, ಸುತ್ತಿಗೆ ಏಟಿನ ಹಾಗೆ. ಕೆಳಗೆ ಎರಡೂ ಕಾಲು ಬಿಡದೆ ಓಡುತ್ತಿದ್ದು ಮೇಲೆ ಸ್ನೇರೂ ಬ್ಲಾಸ್ಟ್ ವೇಗದಲ್ಲೇ ಬಿದ್ದರೆ ಬಾಂಬ್ ಬ್ಲಾಸ್ಟ್. ಶುರುವಿನಲ್ಲಿ ಈ ಹೆಸರುಗಳ ಹಿಂದೆ ಬೀಳಬೇಡಿ. ಕಿವಿ ಹದವಾದ ಮೇಲೆ ತಾನಾಗಿ ಗೊತ್ತಾಗುತ್ತವೆ.

ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು: ಡಬಲ್ ಬೇಸ್ ಕೇಳಿ ಬ್ಲಾಸ್ಟ್ ಅಂದುಕೊಳ್ಳುವುದು. ಡಬಲ್ ಬೇಸ್ ಅಂದರೆ ಎರಡು ಪೆಡಲ್‌ಗಳಲ್ಲಿ ಎರಡೂ ಕಾಲುಗಳಿಂದ ಕಿಕ್ ಬಾರಿಸುವುದು. ಗಡಗಡ ಅಂತ ಲಾರಿ ಎಂಜಿನ್ ಥರ ಓಡುತ್ತದೆ. ಆದರೆ ಅದರ ಮೇಲೆ ಸ್ನೇರ್ ಆರಾಮಾಗಿ 'ಟ … ಟ …' ಅಂತ ಬೀಳುತ್ತಿರಬಹುದು. ಹಾಗಿದ್ದರೆ ಅದು ಬ್ಲಾಸ್ಟ್ ಅಲ್ಲವೇ ಅಲ್ಲ. ಕಾಲು ಎಷ್ಟೇ ಓಡಲಿ, ತೀರ್ಪು ಸ್ನೇರ್‌ದೇ. ಈ ಒಂದು ನಿಯಮ ಗಟ್ಟಿಯಾಗಿ ಹಿಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹಂತ 4: ಎರಡರಲ್ಲೂ ಬ್ಲಾಸ್ಟ್ ಇದೆ, ಡೆತ್ ಯಾವುದು, ಬ್ಲ್ಯಾಕ್ ಯಾವುದು?

ಈಗ ಗಡಿಯಾರ ನೋಡಿ. ಬ್ಲಾಸ್ಟ್ ಶುರುವಾದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ?

ಡೆತ್ ಮೆಟಲ್‌ನಲ್ಲಿ ಬ್ಲಾಸ್ಟ್ ಒಂದು ಏಟು. ನಾಲ್ಕು ಸುತ್ತು, ಎಂಟು ಸುತ್ತು ಬರುತ್ತದೆ, ಕಡಿದು ನಿಲ್ಲುತ್ತದೆ, ಬೇರೆ ನಡೆಗೆ ಹೊರಳುತ್ತದೆ. ಹಾಡಿನುದ್ದಕ್ಕೂ ನಡೆ ಬದಲಾಗುತ್ತಲೇ ಇರುತ್ತದೆ. ಗಿಟಾರ್‌ನವರು ತಂತಿಯನ್ನು ಅಂಗೈ ಅಂಚಿನಿಂದ ಒತ್ತಿ ಹಿಡಿದು 'ಜಗ್ ಜಗ್' ಅಂತ ಕಡಿದು ಬಾರಿಸುತ್ತಾರೆ. ಆ 'ಜಗ್' ಬೀಳುವಲ್ಲೇ ಕಿಕ್ ಕೂಡ ಬೀಳುತ್ತದೆ. ಎರಡೂ ಒಂದೇ ವಾದ್ಯದಂತೆ ಕೇಳಿದರೆ ಅದು ಡೆತ್. ಮಾರ್ಬಿಡ್ ಏಂಜೆಲ್ ತಂಡ ಫ್ಲಾರಿಡಾದ ಟ್ಯಾಂಪಾದಲ್ಲಿರುವ ಮಾರಿಸೌಂಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ 1989ರ 'ಆಲ್ಟರ್ಸ್ ಆಫ್ ಮ್ಯಾಡ್ನೆಸ್' ಇದಕ್ಕೆ ಒಳ್ಳೆಯ ಪಾಠ. ಡ್ರಮ್ಮರ್ ಪೀಟ್ ಸ್ಯಾಂಡೊವಾಲ್ ಗ್ರೈಂಡ್‌ಕೋರ್ ತಂಡದಿಂದ ಬಂದವರು. ಅಲ್ಲಿನ ಬ್ಲಾಸ್ಟ್ ಡೆತ್ ಮೆಟಲ್‌ಗೆ ಹೇಗೆ ದಾಟಿತು ಅನ್ನುವುದು ಅವರ ಕೈಯಲ್ಲೇ ಕೇಳುತ್ತದೆ.

ಡೆತ್‌ನಲ್ಲಿ ಇನ್ನೊಂದು ಗುರುತು ಇದೆ. ಓಡುತ್ತಿದ್ದ ಹಾಡು ಒಮ್ಮೆಲೇ ಭಾರವಾಗಿ ಕುಸಿಯುತ್ತದೆ. ಸ್ನೇರ್ ಎಂಟರಿಂದ ಒಂದಕ್ಕೆ ಇಳಿಯುತ್ತದೆ. ನಿಮ್ಮ ಕೈಯ ನಡೆ ಅದೇ ಇದ್ದರೂ ಹಾಡು ಅರ್ಧಕ್ಕೆ ಇಳಿದ ಹಾಗೆ ಅನ್ನಿಸುತ್ತದೆ. ಇದಕ್ಕೆ ಹಾಫ್ ಟೈಮ್ ಅನ್ನುತ್ತಾರೆ. ಹಾಡಿನ ಆ ಭಾಗಕ್ಕೆ ಬ್ರೇಕ್‌ಡೌನ್ ಅಂತ ಹೆಸರು. ನ್ಯೂಯಾರ್ಕ್ ಕಡೆಯ ಸಫೊಕೇಶನ್ ತಂಡ 1991ರ ತಮ್ಮ ಮೊದಲ ಪೂರ್ಣ ಆಲ್ಬಮ್‌ನಲ್ಲಿ ಇದನ್ನು ಮಾಡಿದ ರೀತಿಯನ್ನು ಮುಂದೆ ನೂರಾರು ತಂಡಗಳು ಅನುಸರಿಸಿದವು.

ಬ್ಲ್ಯಾಕ್ ಮೆಟಲ್‌ನದ್ದು ಬೇರೆಯೇ ದಾರಿ. ಇಲ್ಲಿ ಬ್ಲಾಸ್ಟ್ ಏಟಲ್ಲ, ಶ್ರುತಿ. ನಿಮಿಷಗಟ್ಟಲೆ ಬದಲಾಗದೆ ಹರಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದು ಬಡಿತವಾಗಿ ಕೇಳುವುದೇ ನಿಂತುಹೋಗುತ್ತದೆ, ತಂಬೂರಿಯ ಹಾಗೆ ಹಿನ್ನೆಲೆಗೆ ಸರಿಯುತ್ತದೆ. ಮೇಲೆ ಗಿಟಾರ್ ಒಂದೇ ತಂತಿಯನ್ನು ಬಿಡದೆ ಮೀಟುತ್ತಾ ನಿಧಾನವಾದ ರಾಗವೊಂದನ್ನು ಎಳೆಯುತ್ತದೆ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಕೇಳಿ. ಅದರಲ್ಲಿ ಎಲ್ಲ ವಾದ್ಯಗಳನ್ನೂ ನುಡಿಸಿದವರು ಫೆನ್ರಿಜ್ ಒಬ್ಬರೇ. ಮೊದಲ ಹಾಡಿನಲ್ಲಿ ಡ್ರಮ್ ಬದಲಾಗಲಿ ಅಂತ ಕಾಯುತ್ತಾ ಕೂತರೆ ಕಾಯುತ್ತಲೇ ಇರಬೇಕಾಗುತ್ತದೆ. ಕಾಯುವುದನ್ನು ಬಿಟ್ಟ ಗಳಿಗೆಯಲ್ಲೇ ಆ ಹಾಡು ನಿಮಗೆ ತೆರೆದುಕೊಳ್ಳುತ್ತದೆ. ನನಗೆ ಈ ಇಡೀ ಸಂಗೀತದಲ್ಲಿ ಅತ್ಯಂತ ಪ್ರಿಯವಾದ ಅನುಭವ ಇದು: ಅಷ್ಟು ವೇಗದೊಳಗೆ ಸಿಗುವ ನಿಶ್ಚಲತೆ.

ಹಾಗಾಗಿ 'ಡ್ರಮ್ ಬೋರು, ಒಂದೇ ಸಮನೆ ಇದೆ' ಅಂತ ಬ್ಲ್ಯಾಕ್ ಮೆಟಲ್ ಅನ್ನು ತಳ್ಳಿಹಾಕಬೇಡಿ. ತಂಬೂರಿ ಬದಲಾಗುವುದಿಲ್ಲ ಅಂತ ಯಾರೂ ದೂರುವುದಿಲ್ಲವಲ್ಲ.

ಹಂತ 5: ಡೂಮ್‌ನಲ್ಲಿ ಖಾಲಿ ಜಾಗ ಎಣಿಸಿ

ಡೂಮ್ ನಿಧಾನ. ಎಣಿಸುವುದು ಸುಲಭ ಅಂದುಕೊಂಡಿರಾ? ಅದೇ ಹೆಚ್ಚು ಕಷ್ಟ. ಒಂದು ಏಟಿನಿಂದ ಇನ್ನೊಂದು ಏಟಿಗೆ ಅಷ್ಟು ದೂರವಿದ್ದಾಗ ಕೈ ತಾನಾಗಿಯೇ ಮುಂಚೆ ಬೀಳುತ್ತದೆ. ಕರ್ನಾಟಕ ಸಂಗೀತದಲ್ಲಿ ಎರಡು ಕಳೆ ಚೌಕದ (ತುಂಬಾ ನಿಧಾನದ ನಡೆಯ) ಪಲ್ಲವಿಗೆ ತಾಳ ಹಾಕಲು ಕಲಿತವರಿಗೆ ಈ ಕಷ್ಟ ಗೊತ್ತು. ಉಪಾಯವೂ ಅಲ್ಲಿಯದೇ. ನಡುವಿನ ಜಾಗವನ್ನು ಒಳಗೊಳಗೇ ತುಂಬಿ. ಪ್ರತಿ ಬಡಿತಕ್ಕೆ 'ತಕಧಿಮಿ' ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಿ. ಹಾಡು ಓಲಾಡುವ ಹಾಗಿದ್ದರೆ 'ತಕಿಟ' ಹಾಕಿ ನೋಡಿ, ಅದು ತಿಶ್ರ ನಡೆ, ಅಂದರೆ ಬಡಿತಕ್ಕೆ ಮೂರು, ಇರಬಹುದು. ಎರಡರಲ್ಲಿ ಯಾವುದು ಕೂರುತ್ತದೋ ಅದೇ ಸರಿ.

ಡೂಮ್‌ನ ಬೇರು ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ತಂಡದ 1970ರ ಹಾಡುಗಳಲ್ಲಿದೆ. ಅತ್ಯಂತ ನಿಧಾನದ ಬಗೆ ಫ್ಯೂನರಲ್ ಡೂಮ್. ಫಿನ್‌ಲ್ಯಾಂಡ್‌ನ ಥರ್ಗಥಾನ್‌ನಂಥ ತಂಡಗಳಿಂದ ಬೆಳೆದದ್ದು. ಅಲ್ಲಿ ಸ್ನೇರ್ ಬಿದ್ದ ಮೇಲೆ ಅದರ ಅನುರಣನ ಪೂರ್ತಿ ಆರುವವರೆಗೂ ಮುಂದಿನ ಏಟು ಬರುವುದಿಲ್ಲ. ಡೂಮ್ ಹತ್ತಿರದಲ್ಲೇ ಬೇಕಿದ್ದರೆ ಬೆಂಗಳೂರಿನ ಬೇವರ್ ಸೀ ಕೇಳಿ. ಆ ಹೆಸರಿನ ಹಿಂದಿನ ಮಾತು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೆತ್ ಮತ್ತು ಡೂಮ್ ಬೆರೆತದ್ದು ಬೇಕಿದ್ದರೆ ಬೆಂಗಳೂರಿನದ್ದೇ ಡೈಯಿಂಗ್ ಎಂಬ್ರೇಸ್ ಇದೆ.

ಹಂತ 6: ಎಣಿಕೆ ತಪ್ಪುತ್ತಿದ್ದರೆ, ಅದು ಮೆಷುಗ್ಗಾ ಥರದ್ದು

ಸ್ವೀಡನ್‌ನ ಊಮಿಯೋ ಊರಿನ ಮೆಷುಗ್ಗಾ ತಂಡದ ಹಾಡು ಕೇಳಿ 'ತಾಳವೇ ಇಲ್ಲ' ಅನ್ನುವವರು ಬಹಳ. ತಾಳ ಇದೆ. ಬಹುಪಾಲು ಹಾಡುಗಳಲ್ಲಿ ಅದು ಬರೀ ನಾಲ್ಕರ ತಾಳವೇ. ಡ್ರಮ್ಮರ್ ಟೊಮಾಸ್ ಹಾಕೆ ಅವರ ಕೈ ಸಿಂಬಲ್ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಹೊಡೆಯುತ್ತಿರುತ್ತದೆ. ಸ್ನೇರ್ ಮೂರರ ಮೇಲೆ, ಒಂದು ಸುತ್ತಿನಲ್ಲಿ ಒಂದೇ ಸಲ. ಕಾಲು ಮತ್ತು ಗಿಟಾರ್ ಮಾತ್ರ ಸೇರಿಕೊಂಡು ಬೇರೆ ಲೆಕ್ಕದಲ್ಲಿ ಹೋಗುತ್ತವೆ. ಎರಡು ಬೇರೆ ಉದ್ದದ ಆವರ್ತಗಳು ಹೀಗೆ ಜೊತೆಗೆ ಓಡುವುದಕ್ಕೆ ಪಾಲಿಮೀಟರ್ ಅನ್ನುತ್ತಾರೆ.

ಇದನ್ನು ವಿವರಿಸಲು ಹೊರಗಿನವರು ಪುಟಗಟ್ಟಲೆ ಬರೆಯುತ್ತಾರೆ. ನಿಮಗೆ ಒಂದು ಅಭ್ಯಾಸ ಸಾಕು. ಆದಿ ತಾಳ ಹಾಕಿ. ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕು ಮಾತ್ರೆ, ಒಟ್ಟು 32. ಈಗ ಬಾಯಲ್ಲಿ ಐದರ ಸೊಲ್ಲು ಹಿಡಿಯಿರಿ: ತಕತಕಿಟ. ಅದನ್ನು ಆರು ಸಲ ಹೇಳಿದರೆ 30 ಆಯಿತು. ಉಳಿದ ಎರಡಕ್ಕೆ 'ತಕ' ಸೇರಿಸಿ. ಮತ್ತೆ ಸಮಕ್ಕೆ, ಅಂದರೆ ತಾಳದ ಮೊದಲ ಬಡಿತಕ್ಕೆ ಬಂದಿರಿ. ಕೈ ನಿಲ್ಲಬಾರದು, ಬಾಯಿ ತಪ್ಪಬಾರದು. ಮೊದಲು ತುಂಬಾ ನಿಧಾನವಾಗಿ ಮಾಡಿ, ಒಂದು ವಾರ ದಿನಕ್ಕೆ ಐದು ನಿಮಿಷ ಕೊಡಿ.

ಈಗ 2008ರ ಆಲ್ಬಮ್‌ನಲ್ಲಿರುವ 'ಬ್ಲೀಡ್' ಹಾಕಿ. ನಿಮ್ಮ ಕೈ ಅಂದರೆ ಅವರ ಸಿಂಬಲ್ ಮತ್ತು ಸ್ನೇರ್. ನಿಮ್ಮ ಬಾಯಿ ಅಂದರೆ ಅವರ ಕಾಲು ಮತ್ತು ಗಿಟಾರ್. ಲೆಕ್ಕ ಐದೇ ಆಗಿರಬೇಕಿಲ್ಲ, ಇದಕ್ಕಿಂತ ಉದ್ದದ, ಜಟಿಲವಾದ ತುಣುಕುಗಳೂ ಬರುತ್ತವೆ. ಆದರೆ ಕೇಳುವ ಕ್ರಮ ಇದೇ.

ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮ ಮೃದಂಗದವರು ಮೋರಾ, ಕೋರ್ವೆ (ಲೆಕ್ಕ ಹಾಕಿ ಕಟ್ಟುವ ಮುಕ್ತಾಯದ ತುಣುಕುಗಳು) ಕಟ್ಟುವಾಗ ಕೊನೆಯ ಏಟು ಸರಿಯಾದ ಎಡುಪಿಗೆ (ಹಾಡು ಎತ್ತಿಕೊಳ್ಳುವ ಜಾಗಕ್ಕೆ) ಬೀಳಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಬಂದು ಸೇರುವುದೇ ಅಲ್ಲಿನ ಸುಖ. ಮೆಷುಗ್ಗಾ ಹೆಚ್ಚಾಗಿ ಹಾಗೆ ಮಾಡುವುದಿಲ್ಲ. ನಾಲ್ಕು ಅಥವಾ ಎಂಟು ಸುತ್ತು ತುಂಬಿದ ಕೂಡಲೇ ರಿಫ್ ಅನ್ನು ಅರ್ಧದಲ್ಲೇ ಕತ್ತರಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಹಾಗಾಗಿ ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮುಗಿಸುವುದು) ಥರದ ಮುಕ್ತಾಯ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಅವರದ್ದು ಕತ್ತರಿಸುವ ಸುಖ. ಎರಡನ್ನೂ ಜೊತೆಗಿಟ್ಟು ಕೇಳಬೇಕು ಅನ್ನಿಸಿದರೆ ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಮ್ ತಂಡದವರು ಕರ್ನಾಟಕ ಸಂಗೀತವನ್ನು ಈ ಬಗೆಯ ಭಾರದ ಗಿಟಾರ್ ಜೊತೆ ಬೆಸೆದಿದ್ದಾರೆ.

ಇಲ್ಲಿ ಗಿಟಾರ್ ಹಿಂದೆ ಹೋದಿರೋ, ಕೆಟ್ಟಿರಿ. ಎರಡೇ ಸುತ್ತಿನಲ್ಲಿ ತಾಳ ಕೈಬಿಡುತ್ತದೆ. ಸ್ನೇರ್ ಬಿಡಬೇಡಿ.

ಹಂತ 7: ಗೊತ್ತಿಲ್ಲದ ಹಾಡಿನ ಮೇಲೆ ಪರೀಕ್ಷೆ

ಹೆಸರು ನೋಡದೆ ಒಂದು ಹಾಡು ಹಾಕಿ. ಪುಸ್ತಕದಲ್ಲಿ ನಿಮಿಷ, ಸೆಕೆಂಡು ಬರೆದು ಅದರ ಮುಂದೆ ಸ್ನೇರ್ ಎಣಿಕೆ ಬರೆಯಿರಿ. '0:00 – 2, 0:35 – 8, 0:50 – 1' ಹೀಗೆ. ಹೀಗೆ ಬೇಗ ಬೇಗ ಬದಲಾಗುತ್ತಿದ್ದರೆ ಡೆತ್ ಇರಬೇಕು. '0:20 – 8' ಅಂತ ಬರೆದು ಪೆನ್ನು ಕೆಳಗಿಟ್ಟು ಕೂರಬೇಕಾಯಿತೇ? ಬ್ಲ್ಯಾಕ್. ಪುಟದ ತುಂಬಾ 4 ಇದ್ದರೆ ಥ್ರ್ಯಾಶ್. ಸಾಲು ಮುಗಿಯುವ ಮೊದಲೇ ಹಾಡು ಮುಗಿದರೆ ಗ್ರೈಂಡ್‌ಕೋರ್.

ಬೆರಕೆ ಹಾಡುಗಳು ಸಿಕ್ಕೇ ಸಿಗುತ್ತವೆ. ಆಗ ಒಂದೇ ಹೆಸರು ಅಂಟಿಸಲು ಒದ್ದಾಡಬೇಡಿ. ಯಾವ ಎಣಿಕೆ ಹೆಚ್ಚು ಹೊತ್ತು ಇತ್ತು ಅಂತ ನೋಡಿ, ಸಾಕು. ಕಿಕ್ ತೀರಾ ಯಂತ್ರದ ಹಾಗೆ ಸಮನಾಗಿ ಕೇಳಿದರೆ ಡ್ರಮ್ಮರ್ ಮೋಸ ಮಾಡಿದ್ದಾರೆ ಅಂದುಕೊಳ್ಳಬೇಡಿ. ಕಾಲಿನ ಪ್ರತಿ ಏಟಿಗೂ ಒಂದೇ ಧ್ವನಿ ಹೊರಡಿಸುವ ಟ್ರಿಗರ್ ಎಂಬ ಸಾಧನವನ್ನು ತುಂಬಾ ಜನ ಬಳಸುತ್ತಾರೆ. ಧ್ವನಿ ಯಂತ್ರದ್ದು, ಕಾಲು ಅವರದ್ದೇ.

ಕೊನೆಗೆ, ಸಾಧ್ಯವಾದಾಗ ಇದನ್ನು ಎದುರಿಗೆ ನಿಂತು ಕೇಳಿ. ವೇದಿಕೆಯ ಮುಂದಿನ ಜನರನ್ನು ನೋಡಿದರೇ ಎಣಿಕೆ ಗೊತ್ತಾಗುತ್ತದೆ. ಸ್ನೇರ್ ನಾಲ್ಕಕ್ಕೆ ಬಂದಾಗ ಗುಂಪು ಸುತ್ತಲೂ ಓಡಲು ಶುರು ಮಾಡುತ್ತದೆ. ಒಂದಕ್ಕೆ ಇಳಿದಾಗ ಎಲ್ಲರ ತಲೆ ಒಟ್ಟಿಗೆ ಬಾಗುತ್ತದೆ. ಎಣಿಸಬೇಕು ಅನ್ನುವವರು ಗುಂಪಿನೊಳಗೆ ಹೋಗದೆ, ಹಿಂದೆ ಸೌಂಡ್ ಎಂಜಿನಿಯರ್ ಕೂತಿರುವ ಜಾಗದ ಹತ್ತಿರ ನಿಲ್ಲಿ. ಎಲ್ಲ ವಾದ್ಯಗಳೂ ಸಮನಾಗಿ ಕೇಳುವುದು ಅಲ್ಲೇ. ಇಯರ್‌ಪ್ಲಗ್ ಮರೆಯಬೇಡಿ. ಅದನ್ನು ಹಾಕಿಕೊಂಡಾಗ ಗಿಟಾರ್‌ನ ಗದ್ದಲ ತಗ್ಗಿ ಸ್ನೇರ್ ಎಲ್ಲಿ ಬೀಳುತ್ತಿದೆ ಅನ್ನುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.